ಡಬ್ಬಿಯಲ್ಲಿ ಸಿಕ್ಕ ನೋಟ್‌ಬುಕ್

ಇನ್ಸ್‌ಪೆಕ್ಟರ್ ಸಾಹೇಬರಿಗೆ ನಮಸ್ಕಾರ.

ತೀರಿಹೋದ ನನ್ನ ತಮ್ಮನ ಸಾಮಾನು ಒಯ್ಯಲು ನಾಳೆ ಅಮ್ಮ ಸ್ಟೇಷನ್ನಿಗೆ ಬರುತ್ತಾಳೆ. ಬೂಟು, ಟೋಪಿ, ಫೋನು ಎಲ್ಲ ಕೊಡಿ. ಅವನ ಪಕ್ಕ ಡಬ್ಬಿಯಲ್ಲಿ ಸಿಕ್ಕ ನೋಟ್‌ಬುಕ್ ಮಾತ್ರ ಕೊಡಬೇಡಿ. ಮಂಜಿಗೆ ನೆನೆದು ಹಾಳಾಯಿತು ಅಂದುಬಿಡಿ.

ಆ ಡಬ್ಬಿ ನಮ್ಮಿಬ್ಬರದೇ. ಗುಡ್ಡದಾಚೆಯ ಪಾಳು ಗೋಡೆಯ ಸಂದಿಯಲ್ಲಿ ಬಚ್ಚಿಟ್ಟು, ಜಾಗದ ಗುರುತನ್ನು ಬಚ್ಚಿಟ್ಟ ಡಬ್ಬಿ ಹುಡುಕುವ ಫೋನಿನ ಆಟಕ್ಕೆ ಹಾಕಿದ್ದೆವು. ಹುಡುಕಿ ಬಂದವರು ಅದರೊಳಗಿನ ನೋಟ್‌ಬುಕ್ಕಿನಲ್ಲಿ ಹೆಸರು, ತಾರೀಕು ಬರೆದು ಹೋಗುತ್ತಾರೆ. ಅಲ್ಲಿ ಫೋನಿಗೆ ಸಿಗ್ನಲ್ ಸಿಗುವುದಿಲ್ಲ, ಚಳಿಗಾಲದಲ್ಲಂತೂ ನರಪಿಳ್ಳೆಯೂ ಆ ಕಡೆ ಸುಳಿಯುವುದಿಲ್ಲ. ಪ್ರತಿ ವರ್ಷ ಆಗ ನಾವಿಬ್ಬರೇ ನಡೆದುಹೋಗಿ ಡಬ್ಬಿ ನೋಡಿಕೊಂಡು ಬರುತ್ತಿದ್ದೆವು.

ಈ ವರ್ಷ ಜಗಳವಾಡಿ ಮಾತು ಬಿಟ್ಟಿದ್ದೆವು. ಅದಕ್ಕೇ ಅವನು ಕಾಣೆಯಾದಾಗ ನಿಮಗೆ, "ಗುಡ್ಡದ ಕಡೆ ಹೋಗಿರಲ್ಲ ಸಾರ್, ನಾನಿಲ್ಲದೆ ಆ ಡಬ್ಬಿ ಮುಟ್ಟಲ್ಲ. ಸಿಟ್ಟು ಇಳಿದ ಮೇಲೆ ತಾನೇ ಬರ್ತಾನೆ" ಅಂದೆ. ನಿಮ್ಮವರು ನನ್ನ ಮಾತು ನಂಬಿ ಊರ ಕಡೆಯೇ ಹುಡುಕಿದರು. ನಿಮ್ಮ ತಪ್ಪೇನೂ ಇಲ್ಲ. ಗುಡ್ಡವನ್ನೂ ನೋಡಿ ಅಂತ ಅಮ್ಮ ಅಂಗಲಾಚಿದಾಗ ಅವಳ ಬಾಯಿ ಮುಚ್ಚಿಸಿದವಳೂ ನಾನೇ.

ಕಾಲು ಮುರಿದ ಮೇಲೂ ಅವನು ಡಬ್ಬಿಯವರೆಗೆ ತೆವಳಿದ್ದಾನೆ. ನೀವು ನನಗೆ ತೋರಿಸಿದ ನೋಟ್‌ಬುಕ್ಕಿನಲ್ಲಿ ಮೂರು ದಿನದ ತಾರೀಕಿದೆ. ಮೊದಲ ದಿನ, "ಬಿದ್ದೆ. ಅಕ್ಕನಿಗೆ ಈ ಜಾಗ ಗೊತ್ತು." ಎರಡನೆಯ ದಿನ, "ಅಕ್ಕ ಬರ್ತಾಳೆ." ಮೂರನೆಯ ದಿನ ಅಕ್ಷರ ಸೊಟ್ಟಪಟ್ಟ, ಆದರೂ ಓದಬಹುದು: "ಅಕ್ಕ ಇಷ್ಟೊತ್ತಿಗೆ ದಾರಿಯಲ್ಲಿರಬೇಕು."

ಅಮ್ಮನಿಗೆ ಕನ್ನಡಕವಿಲ್ಲದೆಯೂ ಅವನ ಅಕ್ಷರ ಗುರುತು ಸಿಗುತ್ತದೆ. ದಯವಿಟ್ಟು ಮೇಜಿನ ಮೇಲೆ ಇಟ್ಟಿರಬೇಡಿ.

ಇಂತಿ,
ಅವನ ಅಕ್ಕ