ಹಿಂಬದಿ ಪುಟದ ಅಭಿನಂದನೆ

ಮಾರ್ಚ್ ೩
ಮತ್ತೆ ಚರಂಡಿ ಸುದ್ದಿ. ನಗರಸಭೆಯಲ್ಲಿ ಮಧ್ಯಾಹ್ನದವರೆಗೆ ಕಿತ್ತಾಟ, ಚರಂಡಿ ಮಾತ್ರ ಕಟ್ಟಿಕೊಂಡೇ ಇದೆ. ವರದಿ ಕಳಿಸುವಷ್ಟರಲ್ಲಿ ಸಂಪಾದಕರ ಫೋನ್. ಗಾರ್ಮೆಂಟ್ಸ್ ಕಾರ್ಖಾನೆ ಬೆಂಕಿಯ ನನ್ನ ವರದಿಗಳಿಗೆ ವರ್ಷದ ಪ್ರಶಸ್ತಿ!
ಮನೆಯಲ್ಲಿ ಯಜಮಾನರು, “ಇನ್ಮೇಲೆ ಮೇಡಂ ಕೈಲಿ ಪಾತ್ರೆ ತೊಳೆಸೋ ಹಾಗಿಲ್ಲ ಬಿಡು” ಅಂದರು. ತೊಳೆದದ್ದು ನಾನೇ.
ಖುಷಿಯೇನೋ ಆಯಿತು. ಬೆಂಕಿಯಲ್ಲಿ ಸತ್ತ ಹುಡುಗಿಯರು ನೆನಪಾಗಿ ಊಟ ಸೇರಲಿಲ್ಲ.

ಮಾರ್ಚ್ ೫
ಕಾರ್ಖಾನೆಯ ವಾಚ್‌ಮನ್ ಆಫೀಸಿಗೆ ಬಂದಿದ್ದ. ಬೆಂಕಿ ಬಿದ್ದಾಗ ಹಿಂದಿನ ಬಾಗಿಲಿಗೆ ಹೊರಗಿನಿಂದ ಬೀಗ ಹಾಕಿತ್ತು — ಕಣ್ಣಾರೆ ಕಂಡವನು ಇವನೊಬ್ಬನೇ. ಹನ್ನೆರಡನೇ ತಾರೀಕು ಕೋರ್ಟಿನಲ್ಲಿ ಸಾಕ್ಷಿ. ಮಾಲೀಕನ ಕಡೆಯವರು ಅವನ ಮನೆ ಹತ್ತಿರ ಸುಳಿದಾಡುತ್ತಿದ್ದಾರಂತೆ.
“ಅಕ್ಕಾ, ಹೆದರಿಕೆ ಆಗುತ್ತೆ. ನೀವೊಬ್ರು ಅವರಿಗೆ ಬಗ್ಗಲ್ಲ ಅನ್ನೋ ಧೈರ್ಯದ ಮೇಲೆ ನಿಂತಿದೀನಿ.”
“ನಾನಿದೀನಿ ಕಣಪ್ಪಾ,” ಅಂದೆ.

ಮಾರ್ಚ್ ೯
ಜಾಹೀರಾತು ಮ್ಯಾನೇಜರ್ ವಕ್ಕರಿಸಿದ. ನನ್ನ ಪ್ರಶಸ್ತಿಗೊಂದು ಪುರವಣಿಯಂತೆ, ಅಭಿನಂದನೆಯ ಜಾಹೀರಾತು ನಾನೇ ತರಬೇಕಂತೆ. ಸಣ್ಣ ಊರಿನ ವರದಿಗಾರರ ಹಣೆಬರಹ — ಬೆಳಿಗ್ಗೆ ಯಾರನ್ನು ಬೈದು ಬರೆದೆವೋ ಸಂಜೆ ಅವರ ಮುಂದೆಯೇ ಹಲ್ಲುಗಿಂಜಬೇಕು. ಆಗಲ್ಲ ಅಂದೆ.
“ನೀವು ಯಾರನ್ನೂ ಕೇಳೋದು ಬೇಡ ಮೇಡಂ, ಫೋಟೋ ಕೊಡಿ ಸಾಕು.”
ಪೀಡೆ ತೊಲಗಲಿ ಎಂದು ಕೊಟ್ಟೆ. ಯಾರ್‍ಯಾರು ಹಾಕಿಸುತ್ತಾರೆ ಎಂದು ಕೇಳಲಿಲ್ಲ.

ಮಾರ್ಚ್ ೧೧
ಪುರವಣಿ ಬಂತು. ಹಿಂಬದಿ ಪುಟದ ತುಂಬ ನಾನು. ಪಕ್ಕದಲ್ಲಿ ಕೈಮುಗಿದು ನಗುತ್ತಿರುವ ಕಾರ್ಖಾನೆ ಮಾಲೀಕ. ‘ನಮ್ಮ ಮನೆಮಗಳಿಗೆ ಹೃತ್ಪೂರ್ವಕ ಅಭಿನಂದನೆಗಳು.’ ಥೂ! ಮೈಯೆಲ್ಲ ಉರಿದುಹೋಯಿತು. ಸಂಪಾದಕರಿಗೆ ಫೋನ್ ಮಾಡಿ ಕೂಗಾಡಿದೆ. “ಜಾಹೀರಾತು ಬೇರೆ, ಸುದ್ದಿ ಬೇರೆ ಕಣಮ್ಮಾ,” ಅಂದರು.
ವಾಚ್‌ಮನ್ ಫೋನ್ ಸ್ವಿಚ್ ಆಫ್. ಮನೆಗೆ ಓಡಿದೆ. ಅವನ ಹೆಂಡತಿ ಅರ್ಧ ಬಾಗಿಲು ತೆರೆದಳು. ಕೈಯಲ್ಲಿ ಅದೇ ಪುಟ.
“ನನ್ನ ಕೇಳದೆ ಹಾಕಿದ್ದು ಕಣಮ್ಮಾ...”
“ಫೋಟೋನೂ ಕೇಳ್ದೆ ತಗೊಂಡ್ರಾ ಅಕ್ಕಾ?”
ಬಾಗಿಲು ಹಾಕಿಕೊಂಡಳು.

ಮಾರ್ಚ್ ೧೨, ಸಂಜೆ
ಕಟಕಟೆಯಲ್ಲಿ ನಿಂತ ವಾಚ್‌ಮನ್ ನನ್ನ ಕಡೆ ನೋಡಲೇ ಇಲ್ಲ. “ಬೀಗ ಇರ್ಲಿಲ್ಲ ಸ್ವಾಮಿ. ಮೊದ್ಲು ಆ ಪೇಪರ್ ಅಕ್ಕ ಹೇಳಿಕೊಟ್ಟ ಹಾಗೆ ಹೇಳಿದ್ದೆ.”
ಹಿಂದಿನ ಬೆಂಚಿನಿಂದ ಸತ್ತ ಹುಡುಗಿಯೊಬ್ಬಳ ತಾಯಿ ಎದ್ದು ನಿಂತಳು. ಮತ್ತೆ ಕೂತಳು.
ಅವನ ಮೇಲೆ ಸಿಟ್ಟು ಬರುತ್ತಿಲ್ಲ. ನನ್ನ ಮೇಲೇ ಅಸಹ್ಯ.
ಈಗ ಸಂಪಾದಕರ ಫೋನ್: “ಕೋರ್ಟ್ ವರದಿ ಬೇಗ ಕಳಿಸಮ್ಮಾ. ನಿನ್ನ ಹೆಸರಲ್ಲೇ ಹೋಗ್ಲಿ, ಪ್ರಶಸ್ತಿ ಬಂದ ಹೆಸರು.”
ಸಾಕ್ಷಿ ಹೇಳಿದ್ದನ್ನು ಹೇಳಿದ ಹಾಗೇ ಬರೆಯಬೇಕು. ಕಸುಬೇ ಅದು. ಬರೆಯುತ್ತೇನೆ... ‘ಹಿಂದಿನ ಬಾಗಿಲಿಗೆ ಬೀಗ’ — ಮುಂದಿನ ಪದ ‘ಇತ್ತು’ ಎಂದೋ ‘ಇರಲಿಲ್ಲ’ ಎಂದೋ?