ಚರಣ್‌ಗೆ ಪದಕ ಬಂದ ಸುದ್ದಿ

ರೆಂಟನ್, ಅಮೆರಿಕ
೧೮ ಮೇ ೨೦೧೩

ಪ್ರೀತಿಯ ಅಕ್ಕನಿಗೆ ವಸಂತಳ ನಮಸ್ಕಾರ.

ಇಷ್ಟು ದಿನ ‘ನಾವೆಲ್ಲ ಕ್ಷೇಮ’ ಎಂದು ಬಾಯಿಮಾತಿಗೆ ಹೇಳುತ್ತಿದ್ದೆ. ಇವತ್ತು ನಿಜವಾಗಿ ಬರೆಯುತ್ತಿದ್ದೇನೆ. ನನ್ನ ಮಗ ಯುದ್ಧದಿಂದ ಮನೆಗೆ ಬಂದಿದ್ದಾನೆ, ಕೈಕಾಲು ನೆಟ್ಟಗಿವೆ. ಅವನು ಬಂದ ಸುದ್ದಿಯನ್ನಷ್ಟೇ ಫೋನಿನಲ್ಲಿ ಹೇಳಿ ಮೂರು ವಾರ ಸುಮ್ಮನಿದ್ದೆ ಎಂದು ಬೈಯಬೇಡ. ನೀನು ಸ್ಪೀಕರ್ ಹಾಕಿ ಬೀದಿಗೆಲ್ಲ ಕೇಳಿಸುವವಳು. ಮಿಕ್ಕಿದ್ದು ನಿನಗೊಬ್ಬಳಿಗೇ ಹೇಳಬೇಕಿತ್ತು.

ಮೊನ್ನೆ ಗುರುವಾರ ಚರಣ್‌ಗೆ ಶೌರ್ಯದ ಪದಕ ಕೊಟ್ಟರು. ಇವರು ವಿಮಾನ ಕಾರ್ಖಾನೆಗೆ ರಜೆ ಹಾಕಿ ಸೂಟು ತೊಟ್ಟರು. ನಮ್ಮ ಮದುವೆಗೂ ಇಷ್ಟು ಠಾಕುಠೀಕಾಗಿ ಹೊರಟಿರಲಿಲ್ಲ. ಸೇನಾ ನೆಲೆಯಲ್ಲಿ ಅಧಿಕಾರಿಯೊಬ್ಬರು ಅವನು ಮಾಡಿದ್ದನ್ನು ಓದತೊಡಗಿದಾಗಲೇ ನನಗೆ ನಿಜ ಗೊತ್ತಾದದ್ದು. ಅಕ್ಕ, ಈ ಕಳ್ಳ ನಮಗೆ ಏನು ಹೇಳಿದ್ದ? ಕ್ಯಾಂಪಿನೊಳಗೆ ಕೂತು ರೇಡಿಯೊ ರಿಪೇರಿ ಮಾಡುತ್ತೇನೆ ಅಂತ ತಾನೆ? ಅಫ್ಘಾನಿಸ್ತಾನದ ಯಾವುದೋ ದಾರಿಯಲ್ಲಿ ಮುಂದಿನ ಗಾಡಿ ನೆಲಬಾಂಬಿಗೆ ಸಿಕ್ಕಿ ಹೊತ್ತಿಕೊಂಡಿತಂತೆ. ಗುಂಡು ಹಾರುತ್ತಿರುವಾಗಲೇ ಇವನು ಓಡಿ ಹೋಗಿ ಒಬ್ಬನನ್ನು ಹೊತ್ತು ತಂದನಂತೆ. ಮತ್ತೆ ಹೋಗಿ ಇನ್ನೊಬ್ಬನನ್ನು ತಂದನಂತೆ. “ಎರಡನೆಯ ಸಲ ಯಾಕೋ ಹೋದೆ?” ಎಂದು ಅಲ್ಲೇ ಎದ್ದು ಬೈದುಬಿಡೋಣ ಅನ್ನಿಸಿತು. “ಕೂತ್ಕೊಳ್ಳೇ, ಮಗ ಎದುರಿಗೇ ನಿಂತಿದಾನೆ” ಎಂದು ಇವರು ಕೈ ಹಿಡಿದರು.

ಆಮೇಲೆ ಆ ಎರಡನೆಯವನೇ ಊರುಗೋಲು ಹಿಡಿದು ಹತ್ತಿರ ಬಂದ. ಚಟ್ನಿಪುಡಿ ಕಳಿಸುತ್ತಿದ್ದ ಅಮ್ಮ ನೀವೇನಾ ಎಂದು ಕೇಳಿದ. ಅದನ್ನು ಬ್ರೆಡ್ಡಿಗೆ ಸವರಿ ತಿನ್ನುತ್ತಿದ್ದರಂತೆ! ಅವನು ನಗುವುದನ್ನು ನೋಡಿದ ಮೇಲೆ ಮಗನನ್ನು ಬೈಯುವುದಕ್ಕೆ ಬಾಯಿ ಬರಲಿಲ್ಲ. ಆ ಹುಡುಗನನ್ನು ಹೆತ್ತವಳ ಹೊಟ್ಟೆಯೂ ತಣ್ಣಗಿರಲಿ ಎಂದುಕೊಂಡೆ.

ಈಗ ನಾನು ಕಣ್ತುಂಬ ನಿದ್ದೆ ಮಾಡುತ್ತೇನೆ. ಚರಣ್ ಸಾರಿಗೆ ಇನ್ನೊಮ್ಮೆ ಅನ್ನ ಬಡಿಸಿಕೊಳ್ಳುತ್ತಾನೆ. ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲೇ ಉತ್ತರ, ಅದೇನೂ ಬದಲಾಗಿಲ್ಲ. ಜೂನ್ ಹತ್ತಕ್ಕೆ ಮೈಸೂರಿಗೆ ಬರುತ್ತಾನೆ. ದೊಡ್ಡಮ್ಮನ ಮನೆಯಲ್ಲಿ ಒಂದಷ್ಟು ದಿನ ಸುಮ್ಮನೆ ಇರಬೇಕಂತೆ. ನಿನ್ನ ಆಶೀರ್ವಾದ ಅವನ ತಲೆ ಕಾಯಲಿ.

ನಿನ್ನ ತಂಗಿ
ವಸಂತ

ತಾ.ಕ.: ಅಕ್ಕ, ಇದನ್ನು ಬರೆಯಲೆಂದೇ ಕೂತವಳು ಪುಟ ತುಂಬ ಬೇರೆಯೇ ಬರೆದೆ. ಅವನು ಮನೆಗೆ ಬಂದ ದಿನ ಅರಿಶಿನ ಸುಣ್ಣ ಕದಡಿ ಆರತಿ ಎತ್ತಿದೆ. ದೃಷ್ಟಿ ಹೋಗಲಿ ಎಂದು ಆ ಕೆಂಪು ನೀರನ್ನು ಮೆಟ್ಟಿಲ ಮೇಲೆ ಚೆಲ್ಲಿದೆ. ಚರಣ್ ಅದನ್ನು ನೋಡಿದವನೇ ಮಂಡಿಯೂರಿ ಕೂತು, ಎರಡೂ ಅಂಗೈಯಿಂದ ನೆಲವನ್ನು ಅದುಮಿ ಹಿಡಿದ. ಹರಿಯುವ ರಕ್ತವನ್ನು ತಡೆಯುವವನ ಹಾಗೆ. ಯಾರದೋ ಹೆಸರು ಹಿಡಿದು “ಸ್ಟೇ ವಿತ್ ಮಿ, ಸ್ಟೇ ವಿತ್ ಮಿ” ಎನ್ನುತ್ತಲೇ ಇದ್ದ. ಮೊನ್ನೆ ಸಮಾರಂಭದಲ್ಲಿ ಇವನು ಹೊತ್ತು ತಂದ ಇಬ್ಬರ ಹೆಸರು ಓದಿದರಲ್ಲ, ಅವರಲ್ಲಿ ಆ ಹೆಸರು ಇರಲಿಲ್ಲ.

ನೀನು ಕೆಂಪು ನೀರು ಕಲಸಬೇಡ. ಪಟಾಕಿ ಹೊಡೆಸುತ್ತೇನೆ ಎಂದಿದ್ದೆಯಲ್ಲ, ಅದೂ ಬೇಡ. “ಬಂದ್ಯಾ ಮಗು” ಅಂತ ಕೈ ಹಿಡಿದು ಒಳಗೆ ಕರೆದುಕೊ. ಶಾಸ್ತ್ರ ತಪ್ಪಿಸಿದ ಪಾಪ ನನಗಿರಲಿ.