ನಿನ್ನ ಚಿತ್ರದ ಹೊಳೆ

ವಿಲೋ ಹೊಳೆಯ ಮೂಡಣ ದಡ, ಸಸ್ಕಾಚೆವನ್
ಮಾರ್ಚ್ 28, 1909

ಆರ್ಲೋ,

ಹೆಸರಿನ ಹಿಂದೆ 'ಪ್ರೀತಿಯ' ಎಂದು ಸೇರಿಸಲು ಕೈ ಏಳುತ್ತಿಲ್ಲ, ಬೇಕಿದ್ದರೆ ನೀನೇ ಸೇರಿಸಿಕೊಂಡು ಓದು. ಕೆಮ್ಮು ಹೇಗಿದೆ? ಸೇತುವೆ ಕೆಲಸದವರ ಡೇರೆಯಲ್ಲಿ ಒಲೆಯಾದರೂ ಉರಿಯುತ್ತದೆಯೇ? ನಾನು, ನಿನ್ನ ಮಗಳು ನೆಲ್ ಆರೋಗ್ಯವಾಗಿದ್ದೇವೆ. ಊರಿನವರು ಮಾತ್ರ ನಿನ್ನ ಕೆಮ್ಮು ಇನ್ನಷ್ಟು ಹೆಚ್ಚಲಿ ಎಂದು ಹಾರೈಸುತ್ತಿದ್ದಾರೆ. ಲಕೋಟೆಯಲ್ಲಿ ಬರೆಯುತ್ತಿರುವುದೂ ಅದಕ್ಕೇ. ಕಾರ್ಡಾದರೆ ಅಂಚೆಯ ಡಾರ್ಕಸ್ ಗಟ್ಟಿಯಾಗಿ ಓದಿ, ಗೋಡೆಗೆ ಚುಚ್ಚಿ, ಆಮೇಲೆ ತಾನೇ ಸೇರಬೇಕಾದವರಿಗೆ ಕಳಿಸುವುದು.

ಸುಗ್ಗಿ ಮುಗಿದ ಮೇಲೆ ನೀನು ಕಳಿಸಿದ ಕಾರ್ಡನ್ನೂ ಹಾಗೇ ಚುಚ್ಚಿದ್ದಳು. ಅದರ ಚಿತ್ರದಲ್ಲಿ ನೀನು ರೈಲು ಸರ್ವೆಯವರ ಬಾವುಟಗಳ ನಡುವೆ ದೊರೆಯ ಹಾಗೆ ನಿಂತಿದ್ದೆ, ಪಕ್ಕದಲ್ಲಿ ಹೊಳೆ. "ಕ್ಯಾಮೆರಾನ ಬಡಗಲಿಗೆ ತಿರುಗಿಸಿ ತೆಗೆಸಿದ್ದು. ನಿಲ್ದಾಣ ಬರೋದು ಇಲ್ಲೇ. ಮೊದಲು ಬಂದವನೇ ಜಾಣ" ಎಂದು ಬೇರೆ ಬರೆದಿದ್ದೆ. ಯಾವ ದಡ ಎಂದು ಒಂದು ಮಾತು ಬರೆಯಲು ಕೈನೋವಿತ್ತೇ? ಚಿತ್ರದಲ್ಲಿ ಬಾವುಟಗಳು ಹೊಳೆಯ ಬಲಕ್ಕಿದ್ದವು. ಬಲಕ್ಕೆಂದರೆ ಮೂಡಣ ದಡ. ಅಷ್ಟರಲ್ಲಿ ಹಿಮ ಬಿದ್ದು ನಿಜವಾದ ಬಾವುಟಗಳು ಹೂತುಹೋಗಿದ್ದವು, ಮತ್ತೆ ಕ್ಯಾಮೆರಾ ಸುಳ್ಳು ಹೇಳುತ್ತದೆಂದು ಯಾರು ತಾನೇ ಅಂದುಕೊಳ್ಳುತ್ತಾರೆ? ನಮ್ಮ ಜನ ಗೊತ್ತಲ್ಲ, ರೈಲು ನಮ್ಮ ಬಾಗಿಲಿಗೆ ಬಾರದಿದ್ದರೆ ಬಾಗಿಲನ್ನೇ ರೈಲಿನ ಬಳಿಗೆ ಒಯ್ಯುವವರು. ಹೊಳೆ ಹೆಪ್ಪುಗಟ್ಟಿದ್ದೇ ತಡ, ಮನೆಗಳ ಕೆಳಗೆ ದಿಮ್ಮಿ ಕೊಟ್ಟು, ಎತ್ತು ಕಟ್ಟಿ, ಅಂಚೆ, ಅಂಗಡಿ, ಚರ್ಚು ಎಲ್ಲವನ್ನೂ ಪಡುವಣ ದಡದಿಂದ ಈ ದಡಕ್ಕೆ ಎಳೆದು ತಂದರು. ಎಲ್ಲರಿಗಿಂತ ಮೊದಲು ಬಂದವಳು ನಾನು. ಜಾಣನ ಹೆಂಡತಿಯಲ್ಲವೇ?

ಕಳೆದ ವಾರ ರೈಲಿನವರು ಬಂದರು. ಪಡುವಣ ದಡಕ್ಕೆ. ನಾವು ಬಿಟ್ಟುಬಂದ ಹಿತ್ತಲಿನ ಪಕ್ಕದಲ್ಲೇ ಮಣ್ಣು ಹಾಕುತ್ತಿದ್ದಾರೆ.

ಗೋಡೆಯಿಂದ ಕಾರ್ಡು ಕಿತ್ತು ನೋಡಿದೆ. ನಿನ್ನ ಕೋಟಿನ ಗುಂಡಿಗಳು ಎಡಗಡೆ, ಹೆಂಗಸರ ಕೋಟಿನ ಹಾಗೆ! ಆ ಗುಂಡಿಗಳನ್ನು ಬಲಗಡೆಗೆ ಹೊಲಿದವಳು ನಾನೇ. ಚಿತ್ರ ಮೂಡಿದ ಗಾಜಿನ ತಟ್ಟೆಯನ್ನು ಹಿಂದುಮುಂದಾಗಿಟ್ಟು ಅಚ್ಚು ಹಾಕಿ ಎಡಬಲ ಅದಲುಬದಲು ಮಾಡಿದ್ದೀಯಲ್ಲೋ ಪುಣ್ಯಾತ್ಮ! ಮಂಗನ ಕೈಗೆ ಮಾಣಿಕ್ಯ ಕೊಟ್ಟ ಹಾಗಾಯಿತು ಆ ಕ್ಯಾಮೆರಾ. ಚಳಿಗಾಲವಿಡೀ ನೀನಿಲ್ಲವೆಂದು ದಿನಾ ಹೋಗಿ ಆ ಚಿತ್ರ ನೋಡುತ್ತಿದ್ದೆ, ಮುಖ ಮಾತ್ರ ನೋಡಿದೆ. ಆ ನೆನಪಿಗೇ ಮೈ ಉರಿಯುತ್ತದೆ.

ಈಗ ಅಂಗಡಿಗೆ ಹೋದರೆ ಮಾತು ನಿಲ್ಲುತ್ತದೆ. ನನ್ನ ರೊಟ್ಟಿ ಯಾರೂ ಕೊಳ್ಳುವುದಿಲ್ಲ. ಡಾರ್ಕಸ್, "ಇನ್ನೊಂದು ಚಿತ್ರ ಕಳ್ಸಿದಾನೇನೇ? ಈ ಸಲ ಚರ್ಚನ್ನ ತಲೆಕೆಳಗೆ ನಿಲ್ಸೋಣ" ಎನ್ನುತ್ತಾಳೆ. ನೆಲ್ ಪಾಪ ಶಾಲೆಯಲ್ಲಿ ಜಗಳವಾಡಿ ತುಟಿ ಒಡೆಸಿಕೊಂಡು ಬಂದಳು. "ಅಪ್ಪ ತಪ್ಪು ಮಾಡಿಲ್ಲ, ಹೊಳೇನೇ ಆ ಕಡೆ ಹೋಗಿದೆ" ಎಂದು ವಾದಿಸಿದಳಂತೆ.

ಮಂಜುಗಡ್ಡೆ ಆಗಲೇ ಬಿರುಕು ಬಿಡುತ್ತಿದೆ. ಅದು ಒಡೆಯುವುದರೊಳಗೆ ಎಲ್ಲರೂ ಮನೆಗಳನ್ನು ವಾಪಸು ಎಳೆಯಬೇಕು. ಈಚೆ ಉಳಿದ ಮನೆಗೆ ಊರಿಲ್ಲ, ಅಂಗಡಿಯಿಲ್ಲ, ಶಾಲೆಯಿಲ್ಲ. ಮನೆ ಎಳೆಯುವಂಥ ಎತ್ತುಗಳಿರುವುದು ಟೋರ್ವಾಲ್ಡನ ಬಳಿ ಮಾತ್ರ. ಇವತ್ತು ಟೊಪ್ಪಿ ಕೂಡ ತೆಗೆಯದೆ ಬಾಗಿಲಲ್ಲಿ ನಿಂತ. "ಆರ್ಲೋ ಈ ಊರಿಗೆ ಕಾಲಿಡಲ್ಲ ಅಂತ ಬೈಬಲ್ ಮುಟ್ಟಿ ಹೇಳು, ನಿನ್ ಮನೆ ಮೊದ್ಲು ಎಳೀತೀನಿ. ಇಲ್ಲಾಂದ್ರೆ ಕೊನೇಲಿ, ಹೊಳೆ ಬಿಟ್ರೆ" ಎಂದ. ನಾಳೆ ಬೆಳಿಗ್ಗೆ ಉತ್ತರ ಹೇಳಬೇಕು. ಅವನ ಮುಖಕ್ಕೆ ಉಗಿಯಬೇಕೆನಿಸಿತು. ನಿನ್ನ ಮುಖಕ್ಕೂ.

ದೇವರು ನಿನ್ನನ್ನು ಕಾಪಾಡಲಿ, ನನ್ನಿಂದ ಆಗುವುದಿಲ್ಲ. ನೆಲ್ ಮುತ್ತು ಕಳಿಸಿದ್ದಾಳೆ, ತುಟಿ ಒಡೆದಿರುವುದರಿಂದ ಒಂದೇ.

ಲವೀನಿಯಾ

ತಾ.ಕ.: ಆಣೆ ಇಟ್ಟೆ. ಮನೆ ಪಡುವಣ ದಡ ಸೇರಿತು. ಉಳಿದ ಮನೆಗಳೂ ಒಂದೊಂದಾಗಿ ಬಂದವು, ಕೊನೆಯದರ ಹಿಂದೆಯೇ ಹೊಳೆ ಒಡೆಯಿತು. ನಿನ್ನ ಪೆಟ್ಟಿಗೆ, ಮನೆಯಲ್ಲಿ ಉಳಿದಿದ್ದ ಗಾಜಿನ ತಟ್ಟೆಗಳು, ಭಾನುವಾರದ ಕೋಟು ಎಲ್ಲವನ್ನೂ ಟಾರ್ಪಾಲಿನಲ್ಲಿ ಸುತ್ತಿ ಮೂಡಣ ದಡದಲ್ಲೇ ಬಿಟ್ಟಿದ್ದೇನೆ. ನಿಜವಾದ ಮೂಡಣ, ನಿನ್ನ ಚಿತ್ರದ್ದಲ್ಲ. ನಾನು ಕೊಟ್ಟ ಮಾತು ಊರಿನ ಮಟ್ಟಿಗೆ, ಮೂಡಣ ದಡದಲ್ಲಿ ಈಗ ಊರಿಲ್ಲ. ಅಲ್ಲಿ ನಿಂತು ಕೂಗಿದರೆ ನಮ್ಮ ಅಡುಗೆಮನೆಗೆ ಕೇಳಿಸುತ್ತದೆ. ನಡುವೆ ಸೇತುವೆಯಿಲ್ಲ. ಸೇತುವೆ ಕಟ್ಟುವವನು ನೀನಲ್ಲವೇ, ನೋಡಿಕೋ.